ಅಟ್ಟದ ಪೆಟ್ಟಿಗೆಯಲ್ಲಿ ಜಿಮ್ಮಿ ರಾಜರ್ಸ್: ಈ ಹಳೆಯ ಪ್ಲೇಟುಗಳನ್ನು ಏನು ಮಾಡಲಿ?

ಪ್ರಶ್ನೆ: ನಮ್ಮ ತಾತ ಕೋಲಾರ ಚಿನ್ನದ ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಕುಟುಂಬವೊಂದು 1960ರ ದಶಕದಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಾಗ ಕೀ ಕೊಡುವ ಗ್ರಾಮಫೋನನ್ನೂ ಒಂದು ಪೆಟ್ಟಿಗೆ ಪ್ಲೇಟುಗಳನ್ನೂ ತಾತನಿಗೆ ಕೊಟ್ಟುಹೋದರಂತೆ. ಈಗ ಹಳೇ ಮನೆ ಖಾಲಿ ಮಾಡುವಾಗ ಅವು ಅಟ್ಟದಲ್ಲಿ ಸಿಕ್ಕವು. ಒಟ್ಟು 14 ಪ್ಲೇಟು. ಆರರ ಮೇಲೆ ಜಿಮ್ಮಿ ರಾಜರ್ಸ್ ಎಂದಿದೆ, ಎರಡರ ಮೇಲೆ ಕಾರ್ಟರ್ ಫ್ಯಾಮಿಲಿ. ರಾಜರ್ಸ್ ಪ್ಲೇಟುಗಳ ಲೇಬಲ್ ‘ಟ್ವಿನ್’, ಕಾರ್ಟರ್ ಪ್ಲೇಟುಗಳದ್ದು ‘ರೀಗಲ್ ಝೋನೋಫೋನ್’. ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ನೋಡಿ, ಇವು ಲಕ್ಷಗಟ್ಟಲೆ ಬಾಳುತ್ತವೆ ಎಂದರು. ಮರುದಿನ ತಾವೇ ಬಂದು ಎಲ್ಲವನ್ನೂ ಸೇರಿಸಿ ಎಂಟು ಸಾವಿರಕ್ಕೆ ಕೇಳಿದರು. ನನ್ನ ತಮ್ಮ ಗ್ರಾಮಫೋನಿಗೆ ಕೀ ಕೊಟ್ಟು, ಅದರಲ್ಲೇ ಇದ್ದ ಮುಳ್ಳಿನಿಂದ ಒಂದು ಪ್ಲೇಟು ಹಾಕಿದ. ಹಾಡು ಬಂತು, ಆದರೆ ಒಗ್ಗರಣೆ ಸಿಡಿದಂಥ ಸದ್ದು. ಪ್ಲೇಟು ಹಾಳಾಯಿತೇನೋ ಎಂದು ಭಯವಾಗಿ ನಿಲ್ಲಿಸಿದೆವು. ಅಮೆರಿಕದಲ್ಲಿ ಓದುತ್ತಿರುವ ಮಗಳಿಗೆ ಹೇಳಿದರೆ, ‘ಅಮ್ಮಾ, ಅದು ಅಲ್ಲಿನ ದಕ್ಷಿಣದ ಬಿಳಿಯರ ಸಂಗೀತ, ಅದರ ಹಿಂದೆ ವರ್ಣಭೇದದ ಕಥೆಯಿದೆ, ಅಷ್ಟೊಂದು ಹೆಮ್ಮೆ ಪಡಬೇಡ’ ಅಂದಳು. ಆ ಮಾತು ಮನಸ್ಸಿನಲ್ಲೇ ಉಳಿದಿದೆ. ಇವನ್ನು ಮಾರಲೇ, ಇಟ್ಟುಕೊಳ್ಳಲೇ? ಹಾಡುಗಳನ್ನು ಅಂತರ್ಜಾಲಕ್ಕೆ ಹಾಕಬಹುದೇ? — ಓದುಗರೊಬ್ಬರು, ಬೆಂಗಳೂರು

ಉತ್ತರ: ಇದನ್ನು ಓದಿ ಮುಗಿಸುವವರೆಗೆ ಆ ಗ್ರಾಮಫೋನಿಗೆ ಇನ್ನೊಮ್ಮೆ ಕೀ ಕೊಡಬೇಡಿ. ಪ್ಲೇಟುಗಳನ್ನು ಒರೆಸಲೂ ಹೋಗಬೇಡಿ. ವ್ಯಾಪಾರಿ ಫೋನ್ ಮಾಡಿದರೆ ‘ಯೋಚಿಸಿ ಹೇಳುತ್ತೇನೆ’ ಎಂದಷ್ಟೇ ಹೇಳಿ.

ಹಳೆಯ ಪ್ಲೇಟುಗಳಿಂದ ಹಾಡು ಇಳಿಸಿಕೊಳ್ಳುವ ಕೆಲಸವನ್ನು ನಾನು ಇಪ್ಪತ್ತೈದು ವರ್ಷಗಳಿಂದ ಮಾಡುತ್ತಿದ್ದೇನೆ. ನನ್ನ ಮೇಜಿಗೆ ಬರುವುದು ಹೆಚ್ಚಾಗಿ ನಾಟಕದ ಹಾಡು, ಹಳೇ ಸಿನಿಮಾ ಹಾಡು, ವೀಣೆ, ಪಿಟೀಲು. ಆದರೆ ರೈಲ್ವೆಯ, ಗಣಿಯ ಊರುಗಳಿಂದ ಬಂದ ಪೆಟ್ಟಿಗೆಯ ತಳದಲ್ಲಿ ಆಗೀಗ ಅಮೆರಿಕದ ಮಿಸಿಸಿಪಿಯ ಒಬ್ಬ ರೈಲ್ವೆ ಬ್ರೇಕ್‌ಮನ್‌ನ ದನಿ, ಅಂದರೆ ನಿಮ್ಮ ಜಿಮ್ಮಿ ರಾಜರ್ಸ್‌ನ ದನಿ ಸಿಗುತ್ತದೆ. ಸಿಕ್ಕ ದಿನ ಬೇರೆ ಕೆಲಸ ಬದಿಗಿಡುತ್ತೇನೆ. ಹಾಗಾಗಿ ನಿಮ್ಮ ಪತ್ರ ಓದಿ ಸಂತೋಷವಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಪ್ರಶ್ನೆಗಳು ಹಲವು, ಒಳಗಿರುವ ಅಳುಕು ಒಂದೇ. ಬೆಲೆಬಾಳುವುದನ್ನು ತಿಳಿಯದೆ ಕೆಡಿಸಿಬಿಟ್ಟೆವೇ, ಇಲ್ಲವೇ ಜೋಪಾನ ಮಾಡಬಾರದ್ದನ್ನು ಜೋಪಾನ ಮಾಡುತ್ತಿದ್ದೇವೆಯೇ ಎಂಬುದು. ಎರಡೂ ಆಗಿಲ್ಲ.

ಮೊದಲು ನಿಮ್ಮ ತಮ್ಮನನ್ನು ಸಮಾಧಾನ ಮಾಡೋಣ. ನಿಮಿಷಕ್ಕೆ 78 ಸುತ್ತಿನ ವೇಗದ ಈ ಪ್ಲೇಟುಗಳು ಪ್ಲಾಸ್ಟಿಕ್ಕಿನವಲ್ಲ. ಇವುಗಳ ಜೀವ ಅರಗು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವ ಅದೇ ಅರಗು, ಮರದ ಕೊಂಬೆಗಳ ಮೇಲೆ ಕೀಟ ಸುರಿಸುವ ಅಂಟು. ಆ ಕಾಲಕ್ಕೆ ಜಗತ್ತಿನ ಅರಗಿನ ಬಹುಪಾಲು ನಮ್ಮ ದೇಶದಿಂದಲೇ, ಅದರಲ್ಲೂ ಛೋಟಾ ನಾಗಪುರದ ಕಾಡುಗಳಿಂದ ಹೋಗುತ್ತಿತ್ತು. 1942ರಲ್ಲಿ ಯುದ್ಧದಿಂದಾಗಿ ಹಡಗುಗಳ ದಾರಿ ಕಷ್ಟವಾದಾಗ ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳಿಗೆ ಅರಗನ್ನು ರೇಷನ್ ಮಾಡಬೇಕಾಯಿತು. ಪ್ಲೇಟಿನಲ್ಲಿ ಅರಗು ಹೆಚ್ಚೆಂದರೆ ಮೂರನೇ ಒಂದು ಪಾಲು. ಉಳಿದದ್ದು ನುಣ್ಣಗೆ ಅರೆದ ಕಲ್ಲಿನ ಪುಡಿ, ಕಪ್ಪಿಗಾಗಿ ಮಸಿ, ಬಿಗಿಗಾಗಿ ನಾರು. ಕಲ್ಲುಪುಡಿ ಸೇರಿಸಿದ್ದಕ್ಕೆ ಕಾರಣವಿದೆ. ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತಿನಲ್ಲೇ ಸವೆದು ಗೆರೆಯ ಆಕಾರಕ್ಕೆ ಕೂರಲಿ ಎಂದೇ ಅದನ್ನು ಸೇರಿಸುತ್ತಿದ್ದರು. ಸಾಣೆಕಲ್ಲಿನ ಮೇಲೆ ಮುಳ್ಳು ಓಡಿದ ಹಾಗೆ. ಸಿಡಿದಂಥ ಆ ಸದ್ದಿನಲ್ಲಿ ಬಹುಪಾಲು ಈ ಕಲ್ಲುಪುಡಿಯದ್ದು, ಪ್ಲೇಟು ಹೊಸದಾಗಿದ್ದಾಗಲೂ ಇದ್ದದ್ದು. ಉಳಿದದ್ದು ಅಟ್ಟದ ಧೂಳು.

ಆದರೆ ಇದೇ ಕಾರಣಕ್ಕೆ ಉಕ್ಕಿನ ಮುಳ್ಳು ಒಂದು ಬದಿಗೆ ಒಂದು. ಒಮ್ಮೆ ಓಡಿದ ಮುಳ್ಳಿನ ತುದಿ ಉಳಿಯಂತೆ ಚಪ್ಪಟೆಯಾಗಿ ಅಂಚು ಕಟ್ಟಿಕೊಂಡಿರುತ್ತದೆ. ಮತ್ತೊಮ್ಮೆ ಹಾಕಿದರೆ ಆ ಅಂಚು ಗೆರೆಯ ಗೋಡೆಯನ್ನು ಕೆತ್ತುತ್ತದೆ. ‘ಮುಳ್ಳು ಚೂಪಾಗಿಯೇ ಕಾಣುತ್ತದಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಕಣ್ಣಿಗೆ ಅದು ಕಾಣುವುದಿಲ್ಲ, ಭೂತಗನ್ನಡಿಯಲ್ಲಿ ಕಾಣುತ್ತದೆ. ನಿಮ್ಮ ಗ್ರಾಮಫೋನಿನಲ್ಲಿ ಮುಳ್ಳು ಹಿಡಿಯುವ ತಲೆಭಾಗ, ಅಂದರೆ ಸೌಂಡ್ ಬಾಕ್ಸ್, ಆ ಮುಳ್ಳಿನ ಮೇಲೆ ನೂರು ಗ್ರಾಂಗಿಂತ ಹೆಚ್ಚು ಭಾರ ಹಾಕುತ್ತದೆ. ಈಗಿನ ಒಳ್ಳೆಯ ಟರ್ನ್‌ಟೇಬಲ್ ಇಂಥ ಪ್ಲೇಟಿಗೆ ಮೂರರಿಂದ ಐದು ಗ್ರಾಂ ಹಾಕುತ್ತದೆ. ನಿಮ್ಮ ತಮ್ಮ ಅರ್ಧ ಹಾಡು ಹಾಕಿದ್ದರಿಂದ ಪ್ಲೇಟು ಸತ್ತಿರುವುದಿಲ್ಲ; ಆ ಮನೆಯಲ್ಲಿ ಅದು ನೂರಾರು ಸಲ ಓಡಿರಬಹುದು. ಇನ್ನು ಮುಂದೆ ಓಡಿಸದಿದ್ದರೆ ಸಾಕು.

ಇದಕ್ಕಿಂತ ದೊಡ್ಡ ಅಪಾಯ ನಿಮ್ಮ ಮನೆಯ ಔಷಧಿ ಡಬ್ಬಿಯಲ್ಲಿದೆ. ಬಡಗಿಗಳು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಕುರ್ಚಿ ಮೇಜಿಗೆ ಪಾಲಿಶ್ ಹೊಡೆಯುವುದನ್ನು ನೋಡಿರುತ್ತೀರಿ. ಸ್ಪಿರಿಟ್, ಸ್ಯಾನಿಟೈಸರ್, ಟಿವಿ ಒರೆಸುವ ದ್ರವ, ಸೆಂಟು ಯಾವುದೂ ಇವುಗಳ ಹತ್ತಿರ ಸುಳಿಯಬಾರದು. ಈ ಕೆಲಸಕ್ಕೆ ಕೈಹಾಕಿದ ಮೊದಲ ವರ್ಷ ನಾನು ಒಂದು ಪ್ಲೇಟನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಬಿಡುತ್ತಿದೆ ಎಂದುಕೊಂಡು ಇನ್ನಷ್ಟು ಉಜ್ಜಿದೆ. ಹತ್ತಿಗೆ ಬಂದದ್ದು ಹಾಡು. ಒಬ್ಬ ಹಿರಿಯರ ತಾಯಿ ದಿನವೂ ಕೇಳುತ್ತಿದ್ದ ಪ್ಲೇಟು ಅದು. ಇವತ್ತಿಗೂ ಅವರ ಮುಖ ನೆನಪಿದೆ.

ತೊಳೆಯುವುದಾದರೆ ಡಿಸ್ಟಿಲ್ಡ್ ನೀರು, ಒಂದೆರಡು ಹನಿ ಸೌಮ್ಯವಾದ ಸೋಪಿನ ದ್ರವ, ಮೆತ್ತನೆಯ ಬ್ರಷ್. ಗೆರೆಯ ದಿಕ್ಕಿನಲ್ಲೇ ತಿರುಗಿಸಿ, ಲೇಬಲ್‌ಗೆ ನೀರು ತಾಗಿಸದೆ ತೊಳೆದು, ಮತ್ತೆ ಬರಿ ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಬಿರುಕು ಬಿಟ್ಟ ಪ್ಲೇಟನ್ನು ನೆನೆಸಬೇಡಿ. ತೊಳೆಯುವ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಈಗ ಬೆಲೆಯ ವಿಚಾರ. ಲಕ್ಷದ ಮಾತು ಎಲ್ಲಿಂದ ಹುಟ್ಟುತ್ತದೆ ಎಂದು ನನಗೆ ಗೊತ್ತು. 2013ರಲ್ಲಿ, ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ಹಾಡುತ್ತಿದ್ದ ಟಾಮಿ ಜಾನ್ಸನ್ ಎಂಬ ಕಪ್ಪು ಗಾಯಕನ ಒಂದು ಪ್ಲೇಟು ಆನ್‌ಲೈನ್ ಹರಾಜಿನಲ್ಲಿ 37,100 ಡಾಲರಿಗೆ ಹೋಯಿತು. ಆ ಸುದ್ದಿ ಊರೂರು ತಿರುಗಿ, ಹಳೇ ಕಪ್ಪು ಪ್ಲೇಟೆಲ್ಲ ಚಿನ್ನ ಎಂಬಂತಾಯಿತು. ಆದರೆ ಆ ಪ್ಲೇಟು ಹಳೆಯದು ಎನ್ನುವ ಕಾರಣಕ್ಕೆ ಅಷ್ಟು ಬಾಳಲಿಲ್ಲ. ಅದನ್ನು ಹೊರತಂದ ಪ್ಯಾರಾಮೌಂಟ್ ಒಂದು ಕುರ್ಚಿ-ಮೇಜಿನ ಕಂಪನಿಯ ಅಂಗ. ಅಗ್ಗದ ಮಾಲಿನಲ್ಲಿ, ಕಡಿಮೆ ಸಂಖ್ಯೆಯಲ್ಲಿ ಅಚ್ಚು ಹಾಕುತ್ತಿತ್ತು. ಅದರ ಎರಡೇ ಮೂರೇ ಪ್ರತಿ ಉಳಿದಿರುತ್ತವೆ. ರಾಜರ್ಸ್ ಹಾಡಿದ್ದು ವಿಕ್ಟರ್ ಕಂಪನಿಗೆ. ಅವನ ಮೊದಲ ವರ್ಷಗಳ ಪ್ಲೇಟುಗಳು ಲಕ್ಷಗಟ್ಟಲೆ ಮಾರಾಟವಾದವು, ಅಮೆರಿಕದಲ್ಲಿ ಇವತ್ತಿಗೂ ಸುಲಭವಾಗಿ ಸಿಗುತ್ತವೆ.

ಆದರೂ ವ್ಯಾಪಾರಿಯ ಎಂಟು ಸಾವಿರಕ್ಕೆ ಒಪ್ಪಬೇಡಿ ಎಂದೇ ಹೇಳುತ್ತೇನೆ. ನಿಮ್ಮಲ್ಲಿರುವುದು ಭಾರತದ ಟ್ವಿನ್. ಅದು ಗ್ರಾಮಫೋನ್ ಕಂಪನಿಯ ಅಗ್ಗದ ಲೇಬಲ್. ಅಮೆರಿಕದ ಮೂಲ ಅಚ್ಚಿನಿಂದಲೇ ಇಲ್ಲಿ ಪ್ಲೇಟು ಹೊರಬರುತ್ತಿತ್ತು. ಇಂಗ್ಲಿಷ್ ಹಾಡು ಕೊಳ್ಳುವ ಮನೆಗಳು ಇಲ್ಲಿ ಎಷ್ಟಿದ್ದವು? ಹಾಗಾಗಿ ಅಚ್ಚಾದದ್ದೇ ಕಡಿಮೆ. ಹೊರದೇಶದ ಸಂಗ್ರಾಹಕರು ಇವನ್ನು ಹುಡುಕುತ್ತಾರೆ. ಅದರಲ್ಲೂ 1931ರಿಂದ 33ರವರೆಗಿನ ಹಾಡುಗಳಾದರೆ ಹೆಚ್ಚು. ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದ ಪ್ಲೇಟು ವ್ಯಾಪಾರ 1927ರ ಹತ್ತು ಕೋಟಿಯ ಆಸುಪಾಸಿನಿಂದ 1932ಕ್ಕೆ 60 ಲಕ್ಷದಷ್ಟಕ್ಕೆ ಕುಸಿಯಿತು; ಆ ವರ್ಷಗಳ ಹಾಡುಗಳು ಅಲ್ಲಿಯೇ ವಿರಳ. ಲೇಬಲ್ ಪಕ್ಕದ ನುಣುಪು ಜಾಗದಲ್ಲಿ ಒತ್ತಿರುವ ಅಂಕಿಗಳನ್ನು ಬರೆದುಕೊಳ್ಳಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರ ನಡೆಸುವ ಅಮೆರಿಕದ ಹಳೆಯ ಧ್ವನಿಮುದ್ರಣಗಳ ಉಚಿತ ಪಟ್ಟಿಯಲ್ಲಿ ಹಾಡಿನ ಹೆಸರಿನ ಜೊತೆ ಅದನ್ನು ಹುಡುಕಿದರೆ ಯಾವ ದಿನ, ಯಾವ ಊರಿನಲ್ಲಿ, ಯಾರ ಪಕ್ಕವಾದ್ಯದಲ್ಲಿ ಹಾಡಿದ್ದೆಂದು ಸಿಗುತ್ತದೆ. ಇದನ್ನು ಮಾಡದೆ ಯಾರೊಂದಿಗೂ ಬೆಲೆ ಮಾತಾಡಬೇಡಿ. ಹಾಗೆಯೇ ಪೆಟ್ಟಿಗೆ ಮಾರಿ ಸೈಟು ಕೊಳ್ಳುವ ಕನಸೂ ಬೇಡ. ಒಳ್ಳೆಯ ಸ್ಥಿತಿಯ ಒಂದೆರಡು ಪ್ಲೇಟಿಗೆ ಗೌರವದ ಬೆಲೆ ಬರಬಹುದು, ಸವೆದದ್ದಕ್ಕೆ ಏನೂ ಬರದಿರಬಹುದು.

ಇನ್ನು ಮಗಳ ಮಾತಿಗೆ ಬರುತ್ತೇನೆ. ಈ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನಿಸಿದ್ದು ಅದೇ.

ಅವಳು ಹೇಳಿದ್ದರಲ್ಲಿ ನಿಜವಿದೆ. 1923ರ ಜೂನ್‌ನಲ್ಲಿ ಅಟ್ಲಾಂಟದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಪಿಟೀಲುಗಾರನನ್ನು ಓಕೆ ಕಂಪನಿಗಾಗಿ ರೆಕಾರ್ಡ್ ಮಾಡಿದವನು ರಾಲ್ಫ್ ಪಿಯರ್. ಮುಂದೆ ‘ಕಂಟ್ರಿ’ ಎಂದು ಹೆಸರಾದ ಹಳ್ಳಿಗಾಡಿನ ಸಂಗೀತಕ್ಕೆ ಮಾರುಕಟ್ಟೆಯಿದೆ ಎಂದು ತೋರಿಸಿದ ಪ್ಲೇಟು ಅದು. ಆ ಕಾರ್ಸನ್, ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್‌ನ ಸಭೆಗಳಲ್ಲಿ ನುಡಿಸುತ್ತಿದ್ದವನು. ಅವನು ಅಂದು ಹಾಡಿದ್ದೂ ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ನಟಿಸುವ ವೇದಿಕೆಗಳಿಗಾಗಿ 19ನೇ ಶತಮಾನದಲ್ಲಿ ಬರೆದ ಹಾಡನ್ನು. ಜಿಮ್ಮಿ ರಾಜರ್ಸ್ ಸಹ ಪ್ಲೇಟಿಗೆ ಹಾಡುವ ಮೊದಲು, ಔಷಧಿ ಮಾರುವ ಊರೂರಿನ ಮೇಳಗಳಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು ಕುಣಿದವನೇ. ಇದನ್ನು ಮುಚ್ಚಿಟ್ಟು ಹಾಡನ್ನು ಮಾತ್ರ ಹೊಗಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ‘ಬಿಳಿಯರ ಸಂಗೀತ’ ಎನ್ನುವ ಹೆಸರು ಸಂಗೀತದೊಳಗಿಂದ ಬಂದದ್ದಲ್ಲ, ಅಂಗಡಿಯ ಪಟ್ಟಿಯಿಂದ ಬಂದದ್ದು. 1920ರಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿಯ ಬ್ಲೂಸ್ ಪ್ಲೇಟು ಭರ್ಜರಿಯಾಗಿ ಮಾರಾಟವಾದಾಗ ಕಂಪನಿಗಳಿಗೆ ಕಪ್ಪು ಗಿರಾಕಿಗಳು ಕಂಡರು. ಅವರಿಗೆಂದು ‘ರೇಸ್ ರೆಕಾರ್ಡ್ಸ್’ ಎಂಬ ಪ್ರತ್ಯೇಕ ಪಟ್ಟಿ ಹುಟ್ಟಿತು. ಕಾರ್ಸನ್‌ನ ಪ್ಲೇಟು ಓಡಿದ ಮೇಲೆ ಹಳ್ಳಿಯ ಬಿಳಿಯರಿಗೆಂದು ಇನ್ನೊಂದು. ಕೊಲಂಬಿಯಾ ಕಂಪನಿಯಲ್ಲಂತೂ 14000ದ ಸರಣಿ ಕಪ್ಪು ಜನರಿಗೆ, 15000ದ ಸರಣಿ ಬಿಳಿಯರಿಗೆ. ಹಾಡುಗಾರ ಯಾವ ಸರಣಿಗೆ ಬಿದ್ದ ಎನ್ನುವುದರ ಮೇಲೆ ಅವನ ಪ್ಲೇಟು ಯಾವ ಬೀದಿಯ ಅಂಗಡಿಗೆ ಹೋಗಬೇಕೆಂದು ನಿಶ್ಚಯವಾಗುತ್ತಿತ್ತು. ಎರಡೂ ಬೀದಿಯವರು ಹಾಡುತ್ತಿದ್ದ ಹಾಡು ಎಷ್ಟೋ ಸಲ ಒಂದೇ. ಆ ಗೋಡೆ ಕಟ್ಟಿದ್ದು ಕಂಪನಿಗಳು. ಆಮೇಲೆ ಬಂದವರು ಅದನ್ನೇ ಚರಿತ್ರೆ ಎಂದು ನಂಬಿದರು.

ನಿಮ್ಮ ಪೆಟ್ಟಿಗೆಯನ್ನೇ ಸಾಕ್ಷಿಗೆ ಕರೆಯೋಣ. 1927ರ ಜುಲೈ 25ರಿಂದ ಆಗಸ್ಟ್ 5ರವರೆಗೆ ಇದೇ ಪಿಯರ್, ಈಗ ವಿಕ್ಟರ್ ಕಂಪನಿಯ ಪರವಾಗಿ, ಬ್ರಿಸ್ಟಲ್ ಎಂಬ ಊರಿನ ಹ್ಯಾಟ್ ಕಂಪನಿಯೊಂದರ ಕಟ್ಟಡದಲ್ಲಿ ಮೈಕು ಹೂಡಿ ಕೂತ. ಊರಿನ ನಡುಬೀದಿಯ ಈ ಬದಿ ಟೆನೆಸಿ, ಆ ಬದಿ ವರ್ಜೀನಿಯಾ. 19 ಮಂದಿ ಮತ್ತು ತಂಡಗಳಿಂದ 76 ಹಾಡು ಹಿಡಿದ. ಆಗಸ್ಟ್ 1ರಂದು ವರ್ಜೀನಿಯಾದ ಕಣಿವೆಯಿಂದ ಕಾರ್ಟರ್ ಕುಟುಂಬ ಬಂತು: ಎ.ಪಿ. ಕಾರ್ಟರ್, ಅವನ ಹೆಂಡತಿ ಸಾರಾ, ಸಾರಾಳ ಸೋದರಸಂಬಂಧಿಯೂ ಎ.ಪಿ.ಯ ತಮ್ಮನ ಹೆಂಡತಿಯೂ ಆದ ಮೇಬೆಲ್. ಮೇಬೆಲ್‌ಗೆ ಆಗ 18 ವರ್ಷ, ತುಂಬು ಬಸುರಿ. ಎರಡು ದಿನದಲ್ಲಿ ಆರು ಹಾಡು. ಅವಳ ಗಿಟಾರು ಕೇಳಿ ನೋಡಿ. ಹೆಬ್ಬೆರಳು ಕೆಳಗಿನ ದಪ್ಪ ತಂತಿಗಳಲ್ಲಿ ಹಾಡಿನ ಧಾಟಿಯನ್ನೇ ನುಡಿಸುತ್ತದೆ, ಉಳಿದ ಬೆರಳು ಮೇಲಿನ ತಂತಿಗಳನ್ನು ಸವರಿ ತಾಳ ಹಿಡಿಯುತ್ತದೆ. ಒಬ್ಬಳೇ ಇಬ್ಬರ ಕೆಲಸ ಮಾಡುತ್ತಾಳೆ.

ಮರುವರ್ಷದ ಹೊತ್ತಿಗೆ ಎ.ಪಿ.ಗೆ ಟೆನೆಸಿಯ ಕಿಂಗ್ಸ್‌ಪೋರ್ಟ್‌ನಲ್ಲಿ ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರು ವಾದಕ ಸಿಕ್ಕ. ಸಿಮೆಂಟು ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದ ಯುವಕ. ಇಬ್ಬರೂ ಹಾಡು ಹುಡುಕಿಕೊಂಡು ಬೆಟ್ಟದ ಹಳ್ಳಿಗಳಲ್ಲಿ, ಕಪ್ಪು ಜನರ ಕೇರಿಗಳಲ್ಲಿ ಅಲೆದರು. ಎ.ಪಿ. ಸಾಹಿತ್ಯ ಬರೆದುಕೊಳ್ಳುತ್ತಿದ್ದ, ಧಾಟಿಯನ್ನು ರಿಡಲ್ ತಲೆಯಲ್ಲಿ ಹೊತ್ತು ತರುತ್ತಿದ್ದ. ಮೇಬೆಲ್ ಅವನ ಕೈನೋಡಿ ಕಲಿತಳು. ಕಾರ್ಟರ್ ಕುಟುಂಬದ ಒಂದು ಪ್ಲೇಟಿನ ಮೇಲೂ ರಿಡಲ್‌ನ ಹೆಸರಿಲ್ಲ. 1965ರಲ್ಲಿ ಮೈಕ್ ಸೀಗರ್ ಎಂಬ ಸಂಗೀತಗಾರ ಹುಡುಕಿಕೊಂಡು ಹೋಗುವವರೆಗೆ ಅವನು ಯಾರಿಗೂ ಬೇಕಿರಲಿಲ್ಲ. ನಿಮ್ಮ ಎರಡು ಕಾರ್ಟರ್ ಪ್ಲೇಟುಗಳು 1928ರ ನಂತರದ ಹಾಡಿನವಾದರೆ, ಹೆಸರಿಲ್ಲದ ಆ ಮನುಷ್ಯನ ನೆನಪಿನ ಶಕ್ತಿಯೂ ಅವುಗಳಲ್ಲಿರಬಹುದು.

ರಾಜರ್ಸ್ ಬ್ರಿಸ್ಟಲ್‌ಗೆ ಬಂದದ್ದು ಆಗಸ್ಟ್ 4ರಂದು. ಜೊತೆಗಾರರೊಂದಿಗೆ ಹಿಂದಿನ ರಾತ್ರಿ ಜಗಳವಾಗಿ ಒಬ್ಬನೇ ಹಾಡಿದ. ಎರಡೇ ಹಾಡು. ಮೂರು ವರ್ಷ ಮೊದಲು ಅವನಿಗೆ ಕ್ಷಯ ಎಂದು ಗೊತ್ತಾಗಿ ರೈಲ್ವೆಯ ದುಡಿಮೆ ಕೈಬಿಟ್ಟಿತ್ತು. 1927ರ ನವೆಂಬರ್ 30ರಂದು ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ ಹಾಡಿದ ‘ಬ್ಲೂ ಯೋಡಲ್’ ಅವನನ್ನು ಮನೆಮಾತಾಗಿಸಿತು. ಹೆಸರಲ್ಲೇ ನೋಡಿ: ಬ್ಲೂಸ್ ಕಪ್ಪು ಜನರದು, ಸಾಲಿನ ಮೇಲೆ ಸಾಲು ಮರುಕಳಿಸುವ ಕಟ್ಟೂ ಅವರದೇ. ಯೋಡಲ್, ಅಂದರೆ ದನಿಯನ್ನು ಎದೆಯಿಂದ ಕಳ್ಳದನಿಗೆ ಥಟ್ಟನೆ ಹಾರಿಸುವ ಹಾಡಿಕೆ, ಆಲ್ಪ್ಸ್ ಬೆಟ್ಟದವರದು; 19ನೇ ಶತಮಾನದಲ್ಲಿ ಅಮೆರಿಕ ತಿರುಗಿದ ಆಲ್ಪ್ಸ್ ಮೇಳಗಳಿಂದ ನಾಟಕದ ವೇದಿಕೆಗೆ ಬಂದು, ಅಲ್ಲಿಂದ ಹಾದಿಬೀದಿಗೆ ಇಳಿದದ್ದು. ರಾಜರ್ಸ್ ಮೊದಲಿಗನೂ ಅಲ್ಲ; 1924ರಲ್ಲೇ ಜಾರ್ಜಿಯಾದ ಕುರುಡ ಗಾಯಕ ರೈಲಿ ಪಕೆಟ್ ಪ್ಲೇಟಿನಲ್ಲಿ ಯೋಡಲ್ ಮಾಡಿದ್ದ. ರಾಜರ್ಸ್ ಆ ಎರಡನ್ನೂ ಒಂದೇ ಗಂಟಲಿನಲ್ಲಿ ಕೂರಿಸಿದ.

ನಮ್ಮ ಸಂಗೀತದಲ್ಲಿ ಎದೆಯ ದನಿಯಿಂದ ಕಳ್ಳದನಿಗೆ ಏರುವಾಗ ನಡುವಿನ ಬಿರುಕು ಕೇಳಬಾರದೆಂದು ವರ್ಷಗಟ್ಟಲೆ ಸಾಧನೆ ಮಾಡುತ್ತೇವೆ. ಯೋಡಲ್‌ನಲ್ಲಿ ಆ ಬಿರುಕೇ ಹಾಡು. ದನಿ ಒಡೆಯುವ ಜಾಗವನ್ನು ಬೇಕೆಂದೇ ತೋರಿಸಬೇಕು, ಆದರೆ ಶ್ರುತಿ ಬಿಡುವಂತಿಲ್ಲ. ಶ್ವಾಸಕೋಶ ಕರಗುತ್ತಿದ್ದ ಮನುಷ್ಯ ಇದನ್ನು ಹಾಡಿದ. 1931ರಲ್ಲಿ ತನ್ನ ಕಾಯಿಲೆಯ ಹೆಸರನ್ನೇ ಇಟ್ಟು ಒಂದು ಬ್ಲೂಸ್ ಹಾಡಿದ. 1933ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಕೊನೆಯ ಹಾಡುಗಳು. ನಡುನಡುವೆ ಮಂಚದ ಮೇಲೆ ಮಲಗಿ ಸುಧಾರಿಸಿಕೊಂಡು ಎದ್ದು ಹಾಡುತ್ತಿದ್ದ. 24ರಂದು ಕೊನೆಯ ಹಾಡು, 26ರಂದು ಹೋಟೆಲ್ ಕೋಣೆಯಲ್ಲಿ ಸಾವು. 35 ವರ್ಷ. ಬ್ರಿಸ್ಟಲ್‌ನಿಂದ ಅಲ್ಲಿಗೆ ಆರು ವರ್ಷವೂ ತುಂಬಿರಲಿಲ್ಲ, ಹಾಡಿದ್ದು 110ರಷ್ಟು.

ಅವುಗಳಲ್ಲಿ ಒಂದನ್ನು ಮಗಳಿಗೆ ಕೇಳಿಸಿ: ‘ಬ್ಲೂ ಯೋಡಲ್ ನಂ. 9’. 1930ರ ಜುಲೈ 16ರಂದು ಹಾಲಿವುಡ್‌ನಲ್ಲಿ ಆದದ್ದು. ತುತ್ತೂರಿ ಲೂಯಿ ಆರ್ಮ್‌ಸ್ಟ್ರಾಂಗ್‌ದು, ಪಿಯಾನೋ ಅವನ ಹೆಂಡತಿ ಲಿಲ್ ಹಾರ್ಡಿನ್‌ಳದು. ದಕ್ಷಿಣದ ಬಿಳಿ ಗಾಯಕ ಮತ್ತು ಅಂದಿನ ಅತಿ ದೊಡ್ಡ ಕಪ್ಪು ಜಾಝ್ ವಾದಕ ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಿದ್ದಾರೆ. ಲೇಬಲ್ ಮೇಲೆ ಆರ್ಮ್‌ಸ್ಟ್ರಾಂಗ್‌ನ ಹೆಸರಿಲ್ಲ. ಮಗಳು ಹೇಳಿದ ವರ್ಣಭೇದ ಅಚ್ಚಾಗಿರುವುದು ಆ ಲೇಬಲ್ಲಿನಲ್ಲಿ. ಗೆರೆಯೊಳಗೆ ಬೇರೆಯೇ ನಡೆದಿದೆ. ಇದೇ ಕಾಲದಲ್ಲಿ ನ್ಯಾಶ್‌ವಿಲ್‌ನ ರೇಡಿಯೊ ಮೇಳ ಗ್ರ್ಯಾಂಡ್ ಓಲ್ ಆಪ್ರಿಯ ಜನಪ್ರಿಯ ಕಲಾವಿದರಲ್ಲಿ ಒಬ್ಬ ಡಿಫೋರ್ಡ್ ಬೇಲಿ, ಮೌತ್ ಆರ್ಗನ್‌ನಲ್ಲಿ ರೈಲನ್ನೇ ಓಡಿಸುತ್ತಿದ್ದ ಕಪ್ಪು ಕಲಾವಿದ. 1941ರಲ್ಲಿ ಅವನನ್ನು ತೆಗೆದುಹಾಕಿದರು. ಬೂಟು ಪಾಲಿಶ್ ಅಂಗಡಿ ಇಟ್ಟು ಬದುಕಿದ. ಕಂಟ್ರಿ ಸಂಗೀತದ ಗೌರವಸಾಲಿಗೆ ರಾಜರ್ಸ್ ಸೇರಿದ್ದು 1961ರಲ್ಲಿ, ಮೊದಲ ಮೂವರಲ್ಲಿ ಒಬ್ಬನಾಗಿ. ಬೇಲಿಯ ಹೆಸರು ಸೇರಿದ್ದು 2005ರಲ್ಲಿ, ಅವನು ತೀರಿಹೋಗಿ ಎರಡು ದಶಕವಾದ ಮೇಲೆ. ಮಗಳ ಸಿಟ್ಟಿಗೆ ಇಲ್ಲಿ ನ್ಯಾಯವಿದೆ. ಆದರೆ ಸಿಟ್ಟಿನಿಂದ ಪೆಟ್ಟಿಗೆ ಮುಚ್ಚಿದರೆ ರಿಡಲ್, ಬೇಲಿ, ಲಿಲ್ ಹಾರ್ಡಿನ್ ಇನ್ನೊಮ್ಮೆ ಮರೆಗೆ ಸರಿಯುತ್ತಾರೆ.

ಈ ದನಿ ಕೆಜಿಎಫ್‌ಗೆ ಬಂದದ್ದರಲ್ಲೂ ಆಶ್ಚರ್ಯವಿಲ್ಲ. ಬ್ರಿಟಿಷರ ಗ್ರಾಮಫೋನ್ ಎಲ್ಲಿ ಹೋಯಿತೋ ಅಲ್ಲಿಗೆ ರಾಜರ್ಸ್ ಹೋದ. 1950ರಲ್ಲಿ ಕೀನ್ಯಾದ ಕಿಪ್ಸಿಗಿಸ್ ಜನರ ಹಾಡುಗಳನ್ನು ಸಂಗ್ರಹಿಸಲು ಹೋದ ಹ್ಯೂ ಟ್ರೇಸಿಗೆ, ಹುಡುಗಿಯರು ‘ಚೆಮಿರೋಚಾ’ ಎಂಬ ಅರ್ಧ ಮನುಷ್ಯ ಅರ್ಧ ಜಿಂಕೆಯ ಮೇಲೆ ಕಟ್ಟಿದ ಹಾಡು ಹಾಡಿ ತೋರಿಸಿದರು. ಆ ಹೆಸರು ಜಿಮ್ಮಿ ರಾಜರ್ಸ್ ಎಂಬುದರದ್ದೇ ರೂಪ. ನಮ್ಮಲ್ಲಿ ಕನ್ನಡಕ್ಕೂ ಒಂದು ಹಾಡು ಹಾಡಿಹೋದ ಕಿಶೋರ್ ಕುಮಾರ್ ಯೋಡಲ್ ಕಲಿತದ್ದು ರಾಜರ್ಸ್ ಮತ್ತು ನ್ಯೂಜಿಲೆಂಡ್ ಮೂಲದ ಗಾಯಕ ಟೆಕ್ಸ್ ಮಾರ್ಟನ್‌ರ ಪ್ಲೇಟು ಕೇಳಿ. ಹಿಂದಿ ಹಾಡು ಕೇಳಿ ಬೆಳೆದ ನಿಮ್ಮ ಮನೆಗೆ ರಾಜರ್ಸ್ ಆಗಲೇ ಬಂದಿದ್ದ ಎನ್ನಬಹುದು.

ಈಗ ಏನು ಮಾಡಬಹುದು ಎಂಬುದು. ನನ್ನ ಮಾತು ಕೇಳುವುದಾದರೆ, ಹಾಡು ಇಳಿಸಿಕೊಳ್ಳಿ, ಪೆಟ್ಟಿಗೆ ಒಡೆಯಬೇಡಿ. ಇಳಿಸಿಕೊಳ್ಳಲು ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರ್ ಕೊಳ್ಳಬೇಡಿ. ಅದರಲ್ಲಿ 78 ಎಂಬ ಸ್ವಿಚ್ ಇರುತ್ತದೆ, ಮುಳ್ಳು ಮಾತ್ರ ಆಮೇಲಿನ ಕಾಲದ ಎಲ್‌ಪಿ ಪ್ಲೇಟಿನದ್ದು. ಎಲ್‌ಪಿ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, ಇದಕ್ಕೆ ಬೇಕಾದದ್ದು ಸುಮಾರು 76. ಎತ್ತಿನ ಗಾಡಿಯ ಜಾಡಿನಲ್ಲಿ ಸೈಕಲ್ ಚಕ್ರ ಇಳಿದ ಹಾಗೆ ಅದು ತಳದ ಧೂಳಿನಲ್ಲೇ ಹೊರಳುತ್ತದೆ. ಗೋಡೆಯ ಮೇಲಿರುವ ಹಾಡು ಅದಕ್ಕೆ ಸಿಗುವುದಿಲ್ಲ. 78ರ ವಜ್ರದ ಮುಳ್ಳು ಇಟ್ಟುಕೊಂಡವರನ್ನು ಹುಡುಕಿ. ವಜ್ರ ಗಟ್ಟಿ, ಪ್ಲೇಟು ಕೊರೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೊರೆಯುವುದು ಭಾರ ಮತ್ತು ಸವೆದ ಅಂಚು. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ, ಸ್ಟೀರಿಯೋ ಆಗಿ ಇಳಿಸಿಕೊಡಲು ಹೇಳಿ. ಹಾಡು ಮೋನೋ ಆದರೂ ಗೆರೆಯ ಎರಡು ಗೋಡೆ ಬೇರೆಬೇರೆಯಾಗಿ ಸವೆದಿರುತ್ತವೆ, ಚೆನ್ನಾಗಿರುವ ಗೋಡೆಯನ್ನು ಆಮೇಲೆ ಆರಿಸಿಕೊಳ್ಳಬಹುದು. ‘ಸದ್ದು ತೆಗೆದು ಶುದ್ಧ ಮಾಡಿಕೊಡುತ್ತೇನೆ’ ಎಂದರೆ ಅದು ಎರಡನೇ ಪ್ರತಿಯಲ್ಲಿರಲಿ. ಮೊದಲ ಪ್ರತಿ ಸದ್ದಿನ ಸಮೇತ ಹಾಗೇ ಬೇಕು. ಸದ್ದಿನ ಜೊತೆಗೆ ಗಿಟಾರಿನ ಮಿನುಗೂ ಹೋಗಿಬಿಡುತ್ತದೆ.

ಮಾರುವುದೇ ಆದರೆ ಬಿಡಿಬಿಡಿಯಾಗಿ, ಅಂಕಿ ಹುಡುಕಿದ ಮೇಲೆ, ಫೋಟೋ ಸಮೇತ. ಅಂಚೆಯಲ್ಲಿ ಒಡೆಯುವ ಭಯ ನಿಜವಾದದ್ದು. ಇಟ್ಟುಕೊಳ್ಳುವುದಾದರೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ತಮ್ಮ ಭಾರಕ್ಕೆ ತಾವೇ ಸೀಳುತ್ತವೆ. ಅಟ್ಟ ಬೇಡ, ಶೀಟಿನ ಕೆಳಗಿನ ಸೆಖೆಗೆ ಅರಗು ಬಾಗುತ್ತದೆ. ಮಳೆಗಾಲದಲ್ಲಿ ಬೂಷ್ಟು ನೋಡಿಕೊಳ್ಳಿ.

ಅಂತರ್ಜಾಲಕ್ಕೆ ಹಾಕುವ ವಿಚಾರದಲ್ಲಿ ಎರಡು ದೇಶದ ಕಾನೂನು ಎರಡು ಥರ. ನಮ್ಮ 1957ರ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾಗಿ 60 ವರ್ಷ, ಅಂದರೆ ಎಂದೋ ಮುಗಿದಿದೆ. ಆದರೆ ಸಾಹಿತ್ಯ-ಸಂಗೀತದ ಹಕ್ಕು ರಚಿಸಿದವರು ತೀರಿಕೊಂಡು 60 ವರ್ಷ. ರಾಜರ್ಸ್ ಒಬ್ಬನೇ ಬರೆದದ್ದು ಮುಕ್ತ. ಅವನ ಎಷ್ಟೋ ಹಾಡಿನಲ್ಲಿ ನಾದಿನಿ ಎಲ್ಸಿ ಮೆಕ್‌ವಿಲಿಯಮ್ಸ್‌ಳ ಪಾಲಿದೆ. ಅವಳು ತೀರಿಕೊಂಡದ್ದು 1985ರಲ್ಲಿ. ಲೇಬಲ್ ಮೇಲೆ ಅವಳ ಹೆಸರಿದ್ದರೆ ತಡೆಯಿರಿ. ಅಮೆರಿಕದಲ್ಲಿ 2018ರ ಕಾನೂನಿನಂತೆ 1923ರಿಂದ 1946ರೊಳಗಿನ ಧ್ವನಿಮುದ್ರಣಗಳಿಗೆ 100 ವರ್ಷದ ರಕ್ಷಣೆ. 1927ರ ಹಾಡು ಅಲ್ಲಿ ಮುಕ್ತವಾಗುವುದು 2028ರ ಜನವರಿ 1ಕ್ಕೆ, 1930ರದ್ದು 2031ಕ್ಕೆ. ನೀವು ಬಳಸುವ ತಾಣಗಳು ಹೆಚ್ಚಾಗಿ ಅಲ್ಲಿಯವು. ಇಲ್ಲಿ ತಪ್ಪಲ್ಲದ್ದಕ್ಕೆ ಅಲ್ಲಿಂದ ತಕರಾರು ಬಂದು ಹಾಡು ತೆಗೆದುಹಾಕಬಹುದು. ಇಂಥ ಪ್ಲೇಟುಗಳನ್ನು ಸಾವಿರಗಟ್ಟಲೆ ಇಳಿಸಿ ಹಾಕಿದ ಇಂಟರ್ನೆಟ್ ಆರ್ಕೈವ್ ಮೇಲೆ 2023ರಲ್ಲಿ ದೊಡ್ಡ ಕಂಪನಿಗಳು ದಾವೆ ಹೂಡಿದ್ದವು. ನಿಮ್ಮ ಕುಟುಂಬ, ಆಸ್ಟ್ರೇಲಿಯಾಕ್ಕೆ ಹೋದವರ ಮೊಮ್ಮಕ್ಕಳು ಸಿಕ್ಕರೆ ಅವರು, ಇಷ್ಟು ಜನ ಕೇಳಲಿ. ರಾಜರ್ಸ್‌ನ ಹಾಡುಗಳೆಲ್ಲ ಒಳ್ಳೆಯ ಪ್ರತಿಗಳಿಂದ ಆಗಲೇ ಸಿಡಿಗಳಲ್ಲಿ ಬಂದಿವೆ, ನೀವು ಹಾಕದಿದ್ದರೆ ಕಳೆದುಹೋಗುವ ಹಾಡು ಅವಲ್ಲ.

ಕಳೆದುಹೋಗುವುದು ಬೇರೆ ಇದೆ. ಅದಕ್ಕೇ ತೊಳೆಯುವ ಮೊದಲು ಒಂದು ಕೆಲಸ ಎಂದದ್ದು. ಮೊದಲು ಕಾಗದದ ಕವರುಗಳು. ಹಳತಾಗಿ ಹರಿದಿವೆ ಎಂದು ಎಸೆಯಬೇಡಿ. ಕೊಂಡ ಅಂಗಡಿಯ ಹೆಸರು, ಊರು, ಕೆಲವೊಮ್ಮೆ ಪೆನ್ಸಿಲಿನಲ್ಲಿ ಬರೆದ ತಾರೀಖು ಅದರ ಮೇಲಿರುತ್ತದೆ. ಯಾವ ಕವರಿನಲ್ಲಿ ಯಾವ ಪ್ಲೇಟು ಇತ್ತೋ ಹಾಗೇ ಫೋಟೋ ತೆಗೆಯಿರಿ. ಆಮೇಲೆ ಸಂಜೆ ಕಿಟಕಿಯ ಬಳಿ ಒಂದೊಂದೇ ಪ್ಲೇಟನ್ನು ಓರೆಯಾಗಿ ಹಿಡಿದು ನೋಡಿ. ಕಡಿಮೆ ಓಡಿದ ಬದಿ ಕನ್ನಡಿಯಂತೆ ಕಪ್ಪಗೆ ಹೊಳೆಯುತ್ತದೆ. ಮತ್ತೆಮತ್ತೆ ಹಾಕಿದ ಬದಿ ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಒಮ್ಮೊಮ್ಮೆ ಹಾಡಿನ ಏರುದನಿಯ ಜಾಗದಲ್ಲಿ ಮಾತ್ರ. 14 ಪ್ಲೇಟಿನ 28 ಬದಿಗಳಲ್ಲಿ ಯಾವುದು ಬೂದಿ, ಯಾವುದು ಕಪ್ಪು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಗಣಿಯ ಊರಿನ ಆ ಮನೆಯಲ್ಲಿ ಯಾವ ಹಾಡನ್ನು ಮತ್ತೆಮತ್ತೆ ಕೇಳುತ್ತಿದ್ದರು ಎಂಬುದು ಅಲ್ಲಿ ಬಿಟ್ಟು ಬೇರೆಲ್ಲೂ ಬರೆದಿಲ್ಲ. ಆ ಹಾಳೆಯ ಒಂದು ಪ್ರತಿಯನ್ನು, ಪ್ಲೇಟಿನ ಅಂಕಿಗಳ ಜೊತೆ, ನನಗೂ ಕಳಿಸಿ. ಯಾವುದರ ಲೇಬಲ್‌ನಲ್ಲಿ ಏನಿದೆಯೆಂದು ನೋಡಿ, ಯಾವುದನ್ನು ಮೊದಲು ಇಳಿಸಿಕೊಳ್ಳಬೇಕೆಂದು ತಿಳಿಸುತ್ತೇನೆ.